ಬಂಬು ಒಡೆದ ಬಾಣಂತನ

ನಮ್ಮ ಮನೆಯಲ್ಲಿ ಯಾವ ಸಾಮಾನೂ ಸುಮ್ಮನೆ ಕೆಡುವುದಿಲ್ಲ. ಬೀಗರು ಬರುವ ಹೊತ್ತು ನೋಡಿಕೊಂಡೇ ಕೆಡುತ್ತದೆ. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಸ್ಟೋವು ಹೊತ್ತಲಿಲ್ಲ. ಪಕ್ಕದ ಮನೆಯಲ್ಲಿ ಉಪ್ಪಿಟ್ಟು ಮಾಡಿ ಸೆರಗಿನಡಿ ಮುಚ್ಚಿಕೊಂಡು ತಂದೆ. ನಿಶ್ಚಯದ ದಿನ ಮುಂಬಾಗಿಲ ಚಿಲಕ ಒಳಗಿನಿಂದ ಸಿಕ್ಕಿಕೊಂಡು, ಬೀಗರೆಲ್ಲ ಹಿತ್ತಿಲಿನಿಂದ, ನಮ್ಮ ಎಮ್ಮೆಯನ್ನು ಬಳಸಿಕೊಂಡು ಒಳಗೆ ಬರಬೇಕಾಯಿತು. ಇಷ್ಟಾದರೂ ಸಂಬಂಧ ಕೂಡಿ ಬಂತೆಂದರೆ ಅದರಲ್ಲಿ ಅರ್ಧ ನಮ್ಮ ಮಗಳ ಅದೃಷ್ಟ, ಇನ್ನರ್ಧ ಅವತ್ತು ಒದೆಯದೆ ನಿಂತ ಎಮ್ಮೆಯ ಒಳ್ಳೆಯತನ.

ಹಾಗಾಗಿ ಮಗಳು ಚೊಚ್ಚಲು ಹೆರಿಗೆಗೆ ತವರಿಗೆ ಬಂದಾಗಲೇ ನಾನು ಮನೆಯ ಸಾಮಾನುಗಳನ್ನೆಲ್ಲ ಸಂಶಯದಿಂದ ನೋಡತೊಡಗಿದ್ದೆ. ಗದಗ ಬೇರೆ ಜಿಲ್ಲೆಯಾಗಿ ನಾಲ್ಕೈದು ವರ್ಷ ಕಳೆದಿತ್ತು. ಬೆಟಗೇರಿಯ ಒಂದು ಓಣಿಯಲ್ಲಿ ನಮ್ಮ ಮನೆ. ನಾನು ಅಂಗನವಾಡಿ ಶಿಕ್ಷಕಿ. ನಮ್ಮ ಮನೆಯವರು ಕುಣಿಮಗ್ಗದ ಮೇಲೆ ಕೂಲಿಗೆ ಸೀರೆ ನೇಯುವವರು. ಇಬ್ಬರ ದುಡಿಮೆ ಸೇರಿಸಿದರೂ ತಿಂಗಳ ಕೊನೆ ಯಾವಾಗಲೂ ತಿಂಗಳಿಗಿಂತ ಮೊದಲೇ ಬರುತ್ತಿತ್ತು.

ಹೆರಿಗೆ ಸುಸೂತ್ರವಾಯಿತು, ಗಂಡು ಕೂಸು. ಆಸ್ಪತ್ರೆಯಿಂದ ಹೊರಡುವಾಗ ಮುಂಡರಗಿಯ ಬೀಗತಿ ನನ್ನ ಕೈ ಹಿಡಿದು ಮೆತ್ತಗೆ ಹೇಳಿದರು.

"ಅಕ್ಕಾರ, ಚಳಿಗಾಲದ ಬಾಣಂತನ ಐತಿ. ಎರಡೂ ಹೊತ್ತು ಮೈತುಂಬ ಸುಡುಸುಡು ನೀರು ಬೀಳಬೇಕು. ನಿಮ್ಮ ಕಡೆ ತ್ರಾಸ ಆಗತೈತಿ ಅಂದ್ರ ಸಂಕೋಚ ಮಾಡಬ್ಯಾಡ್ರಿ, ನಾವು ಕರಕೊಂಡು ಹೋಗತೀವಿ."

ಮಾತು ಮೆತ್ತಗಿತ್ತು, ಆದರೆ ನೆಟ್ಟಗೆ ಎದೆಗೇ ಬಂದು ನಾಟಿತು. ಬಾಣಂತಿಗೆ ನೀರು ಕಾಸಿ ಹಾಕಲಾಗದೆ ತವರಿನವರು ಮೊದಲ ತಿಂಗಳಲ್ಲೇ ಕಳಿಸಿಬಿಟ್ಟರು ಅನ್ನಿಸಿಕೊಂಡರೆ ನಾನು ಓಣಿಯಲ್ಲಿ ತಲೆ ಎತ್ತುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ಮಗಳು ಐದು ತಿಂಗಳು ನನ್ನ ಹತ್ತಿರ ಇರುತ್ತಾಳೆಂದು ಅವಳ ಮದುವೆಯಾದಂದಿನಿಂದ ಆಸೆ ಇಟ್ಟುಕೊಂಡಿದ್ದೆ. "ನಮಗೇನ ತ್ರಾಸರಿ, ತಾಮ್ರದ ಬಂಬು ಐತಿ" ಅಂದುಬಿಟ್ಟೆ.

ಆ ಮಾತು ಬಂಬಿಗೆ ಕೇಳಿಸಿತೋ ಏನೋ, ಮನೆ ಮುಟ್ಟಿದ ಮೂರನೆಯ ದಿನಕ್ಕೇ ಸೋರತೊಡಗಿತು.

೧. ಹಗಲಿನ ಚುಕ್ಕಿ

ಬಂಬು ನೋಡದವರಿಗೆ ಹೇಳುತ್ತೇನೆ. ಅದು ನೀರು ಕಾಸುವ ತಾಮ್ರದ ದೊಡ್ಡ ಪಾತ್ರೆ. ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದು ಕೊಳವೆ, ಅದರಲ್ಲಿ ಬೆಂಕಿ. ಕೊಳವೆಯ ಸುತ್ತ ನೀರು. ಪಕ್ಕದಲ್ಲಿ ನೀರು ಹಾಕಲು ಒಂದು ಬಾಯಿ, ಕೆಳಗೆ ಬಿಸಿನೀರಿನ ನಳ. ಹತ್ತಿಕಟ್ಟಿಗೆ, ಸಗಣಿಯ ಕುಳ್ಳು, ಶೇಂಗಾ ಹೊಟ್ಟು, ಏನು ಹಾಕಿದರೂ ಉರಿಯುತ್ತದೆ. ನಮ್ಮದು ನನ್ನ ಮದುವೆಯಲ್ಲಿ ಸೊರಟೂರಿನ ತವರಿನಿಂದ ಬಂದದ್ದು. ಅದರ ಕೊಳವೆಯೇ ತೂತಾಗಿತ್ತು. ನಾನು ಮೇಲಿನಿಂದ ಬೆಂಕಿ ಹಾಕುತ್ತಿದ್ದೆ, ಬಂಬು ಒಳಗಿನಿಂದ ಅದನ್ನು ಆರಿಸುತ್ತಿತ್ತು.

ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ಪಾತ್ರೆಯಲ್ಲಿ ಕಾಸಿ ನೋಡಿದೆ. ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿಗೆ ಬೆಂಕಿ ನಿಲ್ಲಲಿಲ್ಲ. ಎರಡನೆಯ ಪಾತ್ರೆ ಕಾಯುವ ಹೊತ್ತಿಗೆ ಮೊದಲನೆಯದು ತಣ್ಣಗಾಗಿರುತ್ತಿತ್ತು.

ಬಂಬನ್ನು ಸೈಕಲ್ಲಿಗೆ ಕಟ್ಟಿಕೊಂಡು ಗಂಡ ಹೆಂಡತಿ ಇಬ್ಬರೂ ಕಲಾಯಿ ಚಾಚಾನ ಅಂಗಡಿಗೆ ಹೋದೆವು. ಪಾತ್ರೆಗಳಿಗೆ ಕಲಾಯಿ ಹಾಕುವುದು, ಬೆಸುಗೆ ಹಾಕುವುದು ಅವರ ಕಸುಬು. ಚಾಚಾ ಬಂಬನ್ನು ಬಿಸಿಲಿಗೆ ಹಿಡಿದು, ಅದರ ಬಾಯಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದರು.

"ಬರ್ರಿ ಟೀಚರ, ಹಗಲಾಗ ಚುಕ್ಕಿ ನೋಡ್ರಿ."

ನೋಡಿದೆ. ಕತ್ತಲೆ ಇರಬೇಕಾದಲ್ಲಿ ಕೊಳವೆಯ ತುಂಬ ಸಣ್ಣ ಸಣ್ಣ ಬೆಳಕು.

"ಕೊಳವಿ ಹೊಸಾದು ಹಾಕಬೇಕರಿ. ತಾಮ್ರದ ಹಾಳೆ ತರಿಸಬೇಕು, ಅದಕ್ಕ ರೊಕ್ಕ ಮೊದಲ ಬೇಕು" ಅಂದರು ಚಾಚಾ. ನಮ್ಮ ಹತ್ತಿರ ಇದ್ದದ್ದೆಲ್ಲ ಆಸ್ಪತ್ರೆಗೆ ಹೋಗಿತ್ತು. ನಮ್ಮ ಮನೆಯವರು ಗಂಟಲು ಸರಿಮಾಡಿಕೊಂಡು, "ಸದ್ಯಕ್ಕ ಒಂದೀಟು ಬೆಸಿಗಿ ಹಚ್ಚಿಕೊಡ್ರಿ ಚಾಚಾ, ಆಮ್ಯಾಲ ನೋಡೋಣು" ಅಂದರು.

ಚಾಚಾ ನಿಜವಾಗಿಯೂ ಮರುಗಿದರು. "ಹಚ್ಚತಿದ್ನೆಪಾ. ಬೆಸಿಗಿ ಹಿಡಿಯಾಕ ಗಟ್ಟಿ ತಾಮ್ರ ಒಂದೀಟರ ಬೇಕಲ್ಲ? ತೂತಿಗೆ ತೂತು ಹ್ಯಾಂಗ ಹಚ್ಚಲಿ?"

೨. ಬೆಲ್ಲದ ಜಳಕ

ನಮ್ಮ ಮನೆಯವರಿಗೆ ಒಂದು ಸ್ವಭಾವ. ಒಬ್ಬರು ಆಗುವುದಿಲ್ಲ ಅಂದರೆ ಸಾಕು, ಅದನ್ನು ಮಾಡಿ ತೋರಿಸಬೇಕು. ಅವರ ಅಪ್ಪ ಒಂದು ಕಾಲಕ್ಕೆ ನೀರಿನ ತೊಟ್ಟಿಯ ಬಿರುಕಿಗೆ ಸುಣ್ಣ ಬೆಲ್ಲ ಕಲಸಿ ಮೆತ್ತಿದ್ದರಂತೆ, ತೊಟ್ಟಿ ಬಿದ್ದರೂ ಆ ಮೆತ್ತಿದ್ದು ಬೀಳಲಿಲ್ಲವಂತೆ. "ತೊಟ್ಟಿಯೊಳಗ ಬೆಂಕಿ ಹಾಕತಿದ್ರೇನ್ರಿ ಮಾವನವರು?" ಎಂದು ಕೇಳಿದೆ. ಅವರು ಆಗಲೇ ಬೆಲ್ಲದ ಡಬ್ಬಿ ಹುಡುಕುತ್ತಿದ್ದರು.

ಬಾಣಂತಿಯ ಅಂಟಿನುಂಡಿಗೆಂದು ಎತ್ತಿಟ್ಟಿದ್ದ ಬೆಲ್ಲದಲ್ಲಿ ಅರ್ಧ ಬಂಬಿಗೆ ಹೋಯಿತು. ಎಲೆಯಡಿಕೆಯ ಸುಣ್ಣವನ್ನು ಬೆರೆಸಿ, ಬಂಬಿನ ಬಾಯಲ್ಲಿ ಕೈ ಇಳಿಸಿ, ಕೊಳವೆಗೆ ಸುತ್ತ ಮೆತ್ತಿದರು. ಎರಡು ದಿನ ಒಣಗಿಸಿದರು. ಮೂರನೆಯ ದಿನ ಬೆಳಿಗ್ಗೆ ನೀರು ತುಂಬಿ ಬೆಂಕಿ ಹಾಕಿದರೆ, ನಿಜಕ್ಕೂ ಸೋರಲಿಲ್ಲ. ಅವರು ಮೀಸೆಯ ಮೇಲೆ ಕೈ ಆಡಿಸಿದರು.

ಸ್ವಲ್ಪ ಹೊತ್ತಿಗೆ ಘಮ್ಮೆಂದು ವಾಸನೆ ಎದ್ದಿತು. ಓಣಿಯಲ್ಲಿ ಹೋಗುವವರು ನಿಂತು, "ಏನ್ರಿ ಟೀಚರ, ಶೇಂಗಾ ಚಿಕ್ಕಿ ಮಾಡಾಕ ಹತ್ತೀರೇನು?" ಎಂದು ಕೇಳಿದರು.

"ಬಾಣಂತಿಗೆ ಹಾಕೂ ಮೊದಲ ನೀವ ಜಳಕ ಮಾಡಿ ತೋರಸ್ರಿ" ಎಂದು ನಾನು ಹಟ ಹಿಡಿದೆ. ಅವರು ಬಚ್ಚಲಿಗೆ ಹೋದರು. ತುಟಿ ಸವರಿಕೊಳ್ಳುತ್ತ ಹೊರಗೆ ಬಂದು, "ನೀರು ಚಲೋ ಅದಾವು, ಒಂದೀಟು ರುಚಿ ಅದಾವು" ಅಂದರು. ಅಷ್ಟರಲ್ಲೇ ಬೆಲ್ಲವೆಲ್ಲ ಕರಗಿ ಬಂಬು ಮತ್ತೆ ಮೊದಲಿನಂತೆ ಸುರಿಯತೊಡಗಿತ್ತು. ಮಗಳಿಗೆ ಅವತ್ತು ಪಕ್ಕದ ಮನೆಯ ನೀರೇ ಗತಿಯಾಯಿತು.

ಮೈ ಒರೆಸಿಕೊಂಡ ಇವರು ಹಾಗೆಯೇ ಮಾಲೀಕರ ಮನೆಗೆ ಹೋಗಿ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕುಳಿತರು. ಕುಣಿಮಗ್ಗ ಅಂದರೆ ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಬಿಟ್ಟು, ಕಾಲಡಿಯ ಹಲಗೆ ತುಳಿಯುತ್ತ ನೇಯುವುದು. ಮಣ್ಣಿನ ಕುಣಿಯಲ್ಲಿ ಕೆಂಪಿರುವೆ ಇರದೆ ಏನಿರುತ್ತದೆ? ಬೆಲ್ಲದ ಕಾಲು ತಾನಾಗಿ ಮನೆಗೆ ಬಂದರೆ ಅವು ಸುಮ್ಮನಿರುತ್ತವೆಯೇ? ಇವರು ತುಳಿದರು, ಕಾಲು ಕೊಡವಿದರು, ಮತ್ತೆ ತುಳಿದರು. ಸಂಕೋಚದ ಮನುಷ್ಯ, ನಾಲ್ಕು ಜನ ನೇಕಾರರ ನಡುವೆ ಎದ್ದು ನಿಂತು ಕಾಲು ಕೆರೆದುಕೊಳ್ಳಲಿಲ್ಲ.

ಸಂಜೆ ಮಾಲೀಕರು ಸೀರೆ ಅಳೆದು ನೋಡಿ ಬೆರಗಾದರು. "ಇಷ್ಟು ವರ್ಷದಾಗ ಒಂದ ದಿನಾನೂ ಇಷ್ಟು ನೇಯ್ದಿದ್ದಿಲ್ಲ ನೀವು. ಇವತ್ತೇನ ಮಾಡಿದ್ರಿ?"

ಇವರು ತಲೆ ಬಗ್ಗಿಸಿ ಹೇಳಿದರಂತೆ: "ಜಳಕ ಮಾಡಿದ್ನಿರಿ."

೩. ಕೊಡಕ್ಕೊಂದು ಮಾತು

ನಮ್ಮ ಓಣಿಯ ಬಗ್ಗೆ ಏನಾದರೂ ಹೇಳಿ, ಬಾಣಂತಿಗೆ ನೀರು ಇಲ್ಲವೆಂದವರು ಒಬ್ಬರೂ ಇಲ್ಲ. ಹಿತ್ತಿಲ ಗೋಡೆಯಾಚೆಯ ಅಕ್ಕ ಮೊದಲು ಒಂದು ಕೊಡ ಬಿಸಿನೀರು ಹೊತ್ತು ತಂದರು. ಅದನ್ನು ಕೇಳಿ ಎದುರು ಮನೆಯ ಆಯಿ ಒಂದು ಕೊಡ. ಆಮೇಲೆ ಕಲಾಯಿ ಚಾಚಾನ ಮನೆಯಿಂದ ಚಾಚಿ ಒಂದು ಕೊಡ. "ನನ್ನ ಗಂಡಗ ನಿಮ್ಮ ಬಂಬು ರಿಪೇರಿ ಮಾಡಾಕ ಆಗಲಿಲ್ಲ, ನೀರರ ಕೊಡಬ್ಯಾಡೇನು" ಅಂದರು. ನನಗೆ ಕಣ್ಣು ತುಂಬಿ ಬಂದವು.

ಆದರೆ ನೀರು ಕೊಟ್ಟವರು ನೀರಷ್ಟನ್ನೇ ಕೊಟ್ಟು ಹೋಗುವುದು ಎಲ್ಲಿಯಾದರೂ ಉಂಟೆ? ಮೂರೂ ಜನ ಬಚ್ಚಲ ಬಾಗಿಲಲ್ಲಿ ನಿಂತರು.

"ಮೊದಲ ನಡಕ್ಕ ಹಾಕ್ರಿ. ಹಡದ ನಡ ಐತಿ" ಅಂದರು ಆಯಿ.

"ನಡಕ್ಕ ಆಮ್ಯಾಲರಿ. ಮೊದಲ ನೆತ್ತಿಗೆ. ಇಲ್ಲಂದ್ರ ವಾಯು ಮ್ಯಾಲ ಏರತೈತಿ" ಅಂದರು ಗೋಡೆಯಾಚೆಯ ಅಕ್ಕ.

"ನಮ್ಮ ಮನ್ಯಾಗ ಮೊದಲ ಕಾಲಿಗೆ ಹಾಕತೀವಿ. ಆರು ಹಡದೀನಿ, ನೋಡ್ರಿ ಹ್ಯಾಂಗ ಅದೀನಿ" ಎಂದು ಚಾಚಿ ಸೊಂಟದ ಮೇಲೆ ಕೈಯಿಟ್ಟು ನಿಂತೇಬಿಟ್ಟರು.

ಆಯಿಯೂ ಹಡೆದ ಲೆಕ್ಕ ಹೇಳಿದರು. ಅಕ್ಕ ತನ್ನ ಅತ್ತೆ ಹಡೆದ ಲೆಕ್ಕವನ್ನೂ ಸೇರಿಸಿದರು. ನಾನು ನೀರು ತುಂಬಿದ ಚರಿಗೆ ಎತ್ತಿಕೊಂಡು ಒಮ್ಮೆ ನೆತ್ತಿಯ ಕಡೆ, ಒಮ್ಮೆ ನಡುವಿನ ಕಡೆ ಒಯ್ಯುತ್ತ, ಯಾರಿಗೂ ಬೇಸರವಾಗದಂತೆ ಗಾಳಿಯಲ್ಲೇ ಹಿಡಿದುಕೊಂಡು ನಿಂತಿದ್ದೆ. ನೀರು ಕೊಟ್ಟವರ ಮಾತು ಮೀರುವುದು ಹೇಗೆ?

ಕೊನೆಗೆ ಮಣೆಯ ಮೇಲೆ ಮುದುಡಿ ಕುಳಿತಿದ್ದ ಮಗಳು ಹಲ್ಲು ಕಟಕಟ ಅನ್ನಿಸುತ್ತ, "ಎಲ್ಲಿಗೆ ಬೇಕಾದರೂ ಹಾಕ ಯವ್ವಾ. ಈಗ ಬಿಸಿ ಇರೂದು ನಿಮ್ಮ ಮಾತಷ್ಟ" ಅಂದಳು.

೪. ಬಿಡದ ಬಣ್ಣ

ದಿನವೂ ಬೇರೆಯವರ ಕಟ್ಟಿಗೆ ಸುಡುವುದು ನನಗೆ ಸರಿ ಕಾಣಲಿಲ್ಲ. ಆಗ ಇವರಿಗೆ ಬಣ್ಣದ ಕಾಕಾನ ನೆನಪಾಯಿತು. ಓಣಿಯ ತುದಿಯಲ್ಲಿ ನೂಲಿಗೆ ಬಣ್ಣ ಹಾಕುವ ಮನೆ ಅವರದು. ನಸುಕಿನಲ್ಲೇ ಎರಡು ದೊಡ್ಡ ಹಂಡೆಗಳ ಕೆಳಗೆ ಬೆಂಕಿ ಬೀಳುತ್ತದೆ. ಒಂದರಲ್ಲಿ ನೂಲು ತೊಳೆಯುವ ಬರೀ ನೀರು, ಇನ್ನೊಂದರಲ್ಲಿ ಬಣ್ಣ. ಇವರು ಕೇಳಿದ ತಕ್ಷಣ ಕಾಕಾ, "ಹೆಂಗೂ ಕುದಿಯೂ ನೀರು, ಎಡಗಡೆ ಹಂಡೇದಾಗಿಂದ ತುಂಬಿಕೊಂಡು ಹೋಗ್ರಿ" ಅಂದಿದ್ದರು.

ಮರುದಿನ ಕರೆಂಟು ಹೋಗಿತ್ತು. ಕಾಕಾ ನೂಲು ತರಲು ಒಳಗೆ ಹೋಗಿದ್ದರು. ನಮ್ಮ ಮನೆಯವರು ಹಿಂದಿನ ಬಾಗಿಲಿನಿಂದ ಒಳಹೊಕ್ಕರು. ಮುಂದಿನ ಬಾಗಿಲಿನಿಂದ ಎಡಗಡೆ ಇದ್ದದ್ದು ಹಿಂದಿನ ಬಾಗಿಲಿನಿಂದ ಬಲಗಡೆ ಆಗುತ್ತದೆಂಬುದು ಆ ಚಳಿಯಲ್ಲಿ ಅವರಿಗೆ ಹೊಳೆಯಲಿಲ್ಲ.

ಬೆಲ್ಲದ ಜಳಕದ ನಂತರ ನಮ್ಮಲ್ಲಿ ಒಂದು ಪದ್ಧತಿಯೇ ಆಗಿತ್ತು. ಯಾವ ನೀರು ಬಂದರೂ ಮೊದಲು ಅವರ ಮೇಲೆ. ದೇವರು ದೊಡ್ಡವನು, ಅವತ್ತೂ ಆ ಪದ್ಧತಿ ಬಿಡಲಿಲ್ಲ. ಕತ್ತಲೆಯ ಬಚ್ಚಲಲ್ಲಿ ತಣ್ಣೀರು ಬೆರೆಸಿಕೊಂಡು ಹಾಯಾಗಿ ಸುರಿದುಕೊಂಡರು. "ನೀರಂದ್ರ ಹಿಂಗಿರಬೇಕ ನೋಡ" ಅನ್ನುತ್ತ ಹೊರಗೆ ಬಂದರು. ನಾನು ಚಿಮಣಿ ದೀಪ ಎತ್ತಿ ನೋಡಿದೆ. ಕುತ್ತಿಗೆಯಿಂದ ಹಿಮ್ಮಡಿಯವರೆಗೆ ನೇರಳೆ ಹಣ್ಣಿನ ಬಣ್ಣ. ಅವಸರದಲ್ಲಿ ಮುಖ ಮಾತ್ರ ತೊಳೆದುಕೊಂಡಿರಲಿಲ್ಲ, ಅದೊಂದು ಅವರದೇ ಆಗಿ ಉಳಿದಿತ್ತು.

ಸಾಬಾಣ ಹಚ್ಚಿದೆ, ಸೀಗೆಕಾಯಿ ಹಚ್ಚಿದೆ, ಕಡಲೆಹಿಟ್ಟು ಹಚ್ಚಿದೆ, ಸೀಮೆಎಣ್ಣೆಯನ್ನೂ ಹಚ್ಚಿದೆ. ಮಗಳು ಒಳಗಿನಿಂದ ನಕ್ಕು ನಕ್ಕು, "ಯವ್ವಾ, ನಡಾ ನೋಯತೈತಿ, ನನಗ ನಗಸಬ್ಯಾಡ್ರಿ" ಎಂದು ಬೇಡಿಕೊಳ್ಳುತ್ತಿದ್ದಳು. ಹೆರಿಗೆಯಾದ ಮೇಲೆ ಅವಳು ಅಷ್ಟು ನಕ್ಕದ್ದು ಅದೇ ಮೊದಲು. ನನಗೂ ಸಿಟ್ಟು ಎಲ್ಲೋ ಹೋಯಿತು.

ಅಷ್ಟೊತ್ತಿಗೆ ಬಣ್ಣದ ಕಾಕಾ ಓಡೋಡಿ ಬಂದರು. ಹಂಡೆಯಲ್ಲಿ ಬಣ್ಣ ಕಡಿಮೆಯಾದದ್ದು ನೋಡಿ ಅವರಿಗೆ ಎಲ್ಲ ಗೊತ್ತಾಗಿತ್ತು. ಬೈಯುತ್ತಾರೆಂದು ನಾನು ಹೆದರಿ ನಿಂತೆ. ಅವರು ಬೈಯಲಿಲ್ಲ. ಇವರ ಕೈಯನ್ನು ಬೆಳಕಿಗೆ ಹಿಡಿದು, ಉಗುಳು ಹಚ್ಚಿ ಬೆರಳಿನಿಂದ ತಿಕ್ಕಿ ನೋಡಿ, ಸಮಾಧಾನದಿಂದ ತಲೆಯಾಡಿಸಿದರು.

"ಸಾಬಾಣ ಹಾಳ ಮಾಡಬ್ಯಾಡ್ರಿ ಟೀಚರ. ಇದು ಹೋಗಂಗಿಲ್ಲಂತ ಗ್ಯಾರಂಟಿ ಕೊಟ್ಟ ಮಾರೂ ಮಾಲು."

೫. ಮುಂಡರಗಿಯ ಮೊದಲ ಬಸ್ಸು

ನೇರಳೆ ಬಣ್ಣದ ಗಂಡ ಊರಲ್ಲಿ ಓಡಾಡಿದ ಮೇಲೆ ಸುದ್ದಿ ಮುಂಡರಗಿಗೆ ಮುಟ್ಟದೆ ಇರುತ್ತದೆಯೇ? "ನಾಳೆ ಮೊದಲ ಬಸ್ಸಿಗೆ ಬೀಗತಿ ಬರ್ತಾರಂತ. ಸೊಸಿಗೆ ತಾವ ನೀರು ಹಾಕಿ ನೋಡಿ, ಆಮ್ಯಾಲ ಏನನ್ನೂದು ಹೇಳತಾರಂತ" ಎಂದು ಬಸ್ಸಿನ ಕಂಡಕ್ಟರ್ ಒಬ್ಬರ ಕೈಲಿ ಮಾತು ಬಂತು.

ಮಗಳು ಕೂಸನ್ನು ಎದೆಗವಚಿಕೊಂಡು, "ನಾ ಈಗ ಹೋಗಂಗಿಲ್ಲ ಯವ್ವಾ" ಅಂದಳು. ಅವಳ ದನಿ ಕೇಳಿ ನನಗೆ ಅನ್ನ ಇಳಿಯಲಿಲ್ಲ. ಇವರು ಹೊರಗೆ ಹೋದವರು ಓಣಿಯ ಮನೆಮನೆಗೂ ಹೇಳಿ ಬಂದರು.

ನಮ್ಮ ಬಚ್ಚಲ ಗೋಡೆಯಲ್ಲಿ ಎತ್ತರಕ್ಕೆ ಒಂದು ಕಿಂಡಿ ಇದೆ. ಅದರ ಆಚೆ ಪಕ್ಕದ ಅಕ್ಕನ ಹಿತ್ತಿಲು. ಬಂಬನ್ನು ಆ ಕಿಂಡಿಯ ಕೆಳಗೇ ಸರಿಸಿ ಇಟ್ಟೆವು. ಕೊಳವೆಯಲ್ಲಿ ತೋರಿಕೆಗೆ ಎರಡು ಕುಳ್ಳು ಹೊಗೆಯಾಡಿಸಿದೆವು. ಗೋಡೆಯಾಚೆ ಕಲ್ಲಿನ ಮೇಲೆ ಅಕ್ಕ, ಅವರ ಹಿಂದೆ ಆಯಿ, ಅವರ ಹಿಂದೆ ಚಾಚಿ. ಬಣ್ಣದ ಕಾಕಾ ಬರೀ ನೀರಿನ ಹಂಡೆಯನ್ನು ತಾವೇ ತೋರಿಸಿ, ತಾವೇ ತುಂಬಿಕೊಟ್ಟರು. ನಾನು ಒಳಗಿನಿಂದ ಒಮ್ಮೆ ಕೆಮ್ಮಿದರೆ ಕಿಂಡಿಯಿಂದ ಒಂದು ಕೊಡ ಬಿಸಿನೀರು ಬಂಬಿನ ಬಾಯಿಗೆ ಬೀಳಬೇಕು. ಬೀಗತಿ ಬಂಬಿಗೆ ಬೆನ್ನು ಮಾಡಿ ಕೂಡುವಂತೆ ಮಣೆಯನ್ನೂ ಹಾಕಿದ್ದಾಯಿತು. ನಳದಿಂದ ನೀರು ಹಿಡಿದು ಅವರ ಮುಂದಿಡುವುದು ನನ್ನ ಕೆಲಸ.

ಬೀಗತಿ ಬಂದರು. ಕೂಸನ್ನು ಎತ್ತಿ ಮುದ್ದಾಡಿದರು. ಇವರ ನೇರಳೆ ಕೈ ನೋಡಿ, ಕೇಳಬೇಕೋ ಬೇಡವೋ ಎಂದು ಬಾಯಿ ತೆರೆದು ಮುಚ್ಚಿದರು. ಸೀರೆ ಎತ್ತಿ ಕಟ್ಟಿ ಬಚ್ಚಲಲ್ಲಿ ಕುಳಿತು, ಸೊಸೆಯ ನೆತ್ತಿಗೆ ಎಣ್ಣೆ ಹಚ್ಚಿ, ಚರಿಗೆ ಎತ್ತಿದರು. ನೀರಿನಿಂದ ಹಬೆ ಎದ್ದಿತು. ಅವರ ಮುಖ ಅರಳಿತು. ನಾನು ಕೆಮ್ಮಿದೆ. ನೀರು ಬಂತು. ಮತ್ತೆ ಕೆಮ್ಮಿದೆ. ಮತ್ತೆ ಬಂತು.

"ಅಕ್ಕಾರ, ಕೆಮ್ಮು ಜೋರೈತಲ್ಲ" ಅಂದರು ಬೀಗತಿ ಮರುಕದಿಂದ.

"ಥಂಡಿಗೆರಿ" ಅಂದೆ.

ಹಾಕಿದರು, ಹಾಕಿದರು, ಮುಗಿಯುವ ಮಾತೇ ಇಲ್ಲ. ಸೊಸೆಗೆ ನೀರು ಹಾಕುವುದರಲ್ಲಿ ಅವರಿಗೆ ಏನೋ ಆನಂದ. ಬಂಬಿನ ಅಡಿಯಿಂದ ಬೂದಿಯ ಕಪ್ಪು ನೀರು ಹರಿದು ಅವರ ಪಾದ ಮುಟ್ಟಿತು. ಅವರು ತಿರುಗಿ ಬಂಬಿನ ಕೊಳವೆಗೆ ಇಣುಕಿದರು. ಬೆಂಕಿ ಆಗಲೇ ಆರಿ ತೊಯ್ದಿತ್ತು. ನಳದಿಂದ ಮಾತ್ರ ಸುಡುಸುಡು ನೀರು. ಅವರು ಬಂಬನ್ನು ನೋಡಿದರು, ನನ್ನನ್ನು ನೋಡಿದರು. ನನಗೆ ಉಸಿರು ಸಿಕ್ಕಿಕೊಂಡು ಈಗ ನಿಜವಾದ ಕೆಮ್ಮೇ ಬಂತು, ನಿಲ್ಲಲೇ ಇಲ್ಲ. ಕಿಂಡಿಯಾಚೆಯಿಂದ ಅಕ್ಕನ ದನಿ ಕೇಳಿತು.

"ಒಂದೊಂದ ಕೆಮ್ಮರಿ ಟೀಚರ. ಇಷ್ಟು ಕೊಡ ಒಮ್ಮೆಲೆ ಹ್ಯಾಂಗ ಎತ್ತೂದು?"

ಮಗಳು ಒದ್ದೆ ಕೂದಲೊಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ನಾನು ಬೀಗತಿಯ ಕೈ ಹಿಡಿದುಕೊಂಡೆ.

"ಬಂಬು ಒಡದೈತಿರಿ. ಕೊಳವಿ ಹಾಕಸಾಕ ಈಗ ನಮ್ಮ ಕೈಲಿ ಆಗಂಗಿಲ್ಲ. ಆದ್ರ ಒಂದ ದಿನಾನೂ ಆಕಿಗೆ ತಣ್ಣೀರು ಹಾಕಿಲ್ಲರಿ. ಓಣ್ಯಾಗಿನ ಮಂದಿ ಹೊತ್ತು ತರತಾರ. ಆಕೀನ ಈಗ ಕರಕೊಂಡು ಹೋಗಬ್ಯಾಡ್ರಿ" ಎನ್ನುವಷ್ಟರಲ್ಲಿ ಅಳು ಬಂದುಬಿಟ್ಟಿತು.

ಬೀಗತಿ ಕೈಯಲ್ಲಿದ್ದ ಚರಿಗೆ ಕೆಳಗಿಟ್ಟರು. ಆಮೇಲೆ ಸೊಸೆಯ ಮೈ ಒರೆಸಿ, ಬೆಚ್ಚಗೆ ಸುತ್ತಿ, ಒಳಗೆ ಕಳಿಸಿದರು. ಬಚ್ಚಲ ಬಾಗಿಲು ಹಾಕಿ, ಕಿಂಡಿಯ ಕಡೆ ಕತ್ತೆತ್ತಿ, "ಯವ್ವಾ, ಇನ್ನೊಂದೆರಡು ಕೊಡ ಅದಾವೇನು?" ಎಂದು ಕೇಳಿದರು.

"ಅದಾವರಿ" ಎಂದು ಮೂರು ದನಿ ಬಂದವು.

ಬೀಗತಿ ಹೋಗಿ ಸೊಸೆ ಕುಳಿತಿದ್ದ ಮಣೆಯ ಮೇಲೆ ತಾವೇ ಕುಳಿತರು. ದನಿ ಬಹಳ ಸಣ್ಣದಾಗಿತ್ತು. "ನನಗೂ ನಾಕು ಚರಗಿ ಹಾಕ್ರಿ ಅಕ್ಕಾರ. ನಮ್ಮ ಬಂಬು ಒಡದು ಬಾಳ ದಿನಾ ಆತು. ನಮಗೂ ಹಾಕಸಾಕ ಆಗಿಲ್ಲ. ದವಾಖಾನ್ಯಾಗ ದೊಡ್ಡಸ್ತನಕ್ಕ ಒಂದ ಮಾತು ಅಂದೆ. ನೀವು ಖರೇನ ಕರಕೊಂಡು ಹೋಗ್ರಿ ಅಂದ್ರ ಏನ ಮಾಡ್ಲಿ ಅಂತ ಬಸ್ಸಿನಾಗ ದೇವರಿಗೆ ಕೈ ಮುಗಕೋತ ಬಂದೀನಿ."

ನಾನು ಅಳುತ್ತಲೇ ನಕ್ಕೆ, ನಗುತ್ತಲೇ ನೀರು ಹಾಕಿದೆ. ಬಿಸಿನೀರು ಬೆನ್ನ ಮೇಲೆ ಬಿದ್ದ ಕೂಡಲೇ ಬೀಗತಿ ಕಣ್ಣು ಮುಚ್ಚಿ "ಶಿವಾ" ಅಂದದ್ದು ಗೋಡೆಯಾಚೆಗೂ ಕೇಳಿಸಿತು.

ಸೊಸೆಯನ್ನು ಕರೆದೊಯ್ಯುವ ಮಾತು ಅವತ್ತು ಬರಲಿಲ್ಲ, ಮುಂದೆಯೂ ಬರಲಿಲ್ಲ. ಮಗಳು ಐದು ತಿಂಗಳು ನನ್ನ ಹತ್ತಿರವೇ ಉಳಿದಳು. ಬೀಗತಿ ಸಂಜೆಯ ಬಸ್ಸಿಗೆ ಹೊರಡಬೇಕಿತ್ತು. ನಾಳೆ ಬೆಳಿಗ್ಗೆ ಸೊಸೆಗೆ ಇನ್ನೊಂದು ಸಲ ನೀರು ಹಾಕಿ ಹೋಗುತ್ತೇನೆಂದು ನಿಂತರು. ಮರುದಿನವೂ ಹಾಗೇ ಅಂದರು.

ಮೂರನೆಯ ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಮುಂಡರಗಿಯ ಬೀಗರು ಚಳಿಗೆ ನಡುಗುತ್ತ ನಿಂತಿದ್ದಾರೆ. ಹೆಂಡತಿ ಯಾಕೆ ಬರಲಿಲ್ಲವೆಂದು ಕೇಳಲಿಲ್ಲ, ಮೊಮ್ಮಗ ಹೇಗಿದ್ದಾನೆಂದೂ ಕೇಳಲಿಲ್ಲ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಸಾಬಾಣದ ಡಬ್ಬಿ.

"ನೀರು ಕಾದಾವೇನ್ರಿ?" ಅಂದರು.